ಚಿಪ್ಪಿನೊಳಗಿನ ಆರಂಭಿಕ ಶಿಲ್ಕು

(ಅಧ್ಯಯನ ಲೇಖನ: ದ್ವಿತೀಯ ಪಿಯುಸಿ, ವಾಣಿಜ್ಯ ವಿಭಾಗ)

 

ಲೆಕ್ಕಶಾಸ್ತ್ರದ ತರಗತಿಯಲ್ಲಿ ನಮಗೆ ಕಲಿಸುವ ಮೊದಲ ನಿಯಮಗಳಲ್ಲಿ ಒಂದು ಇದು: ಆಧಾರವಿಲ್ಲದೆ ಪುಸ್ತಕದಲ್ಲಿ ಏನನ್ನೂ ಬರೆಯಬಾರದು. ರಸೀದಿ ಇರಬೇಕು, ಬಿಲ್ ಇರಬೇಕು, ವೋಚರ್ ಇರಬೇಕು. ಬಾಯಿಮಾತಿಗೆ ಅಲ್ಲಿ ಬೆಲೆ ಇಲ್ಲ.

ಈಗ ಒಂದು ಪ್ರಶ್ನೆ. ನಾಲ್ಕೈದು ಕೋಟಿ ವರ್ಷಗಳ ಹಿಂದೆ ಸಮುದ್ರದ ತಳದಲ್ಲಿ ಒಂದು ಜೀವಿ ಬದುಕಿತ್ತು. ಅದರ ಇಡೀ ದೇಹ ಒಂದೇ ಒಂದು ಜೀವಕೋಶ. ಅದು ಹುಟ್ಟಿದ್ದು ಇಬ್ಬರು ಸೇರಿಯೋ, ಒಬ್ಬರೇ ಒಡೆದು ಹಲವರಾಗಿಯೋ? ನೋಡಿದವರು ಯಾರೂ ಇಲ್ಲ. ಮನುಷ್ಯನೇ ಆಗ ಇರಲಿಲ್ಲ. ಮೂಳೆಯಿಲ್ಲದ ಮೆತ್ತನೆಯ ಆ ಜೀವಕೋಶ ಕೊಳೆತು ಹೋಗಿ ಎಷ್ಟೋ ಕಾಲವಾಯಿತು. ಹಾಗಿದ್ದರೂ ಇದಕ್ಕೆ ಉತ್ತರ ಹೇಳಬಹುದು, ಏಕೆಂದರೆ ಅದಕ್ಕೆ ವೋಚರ್ ಇದೆ. ಆ ವೋಚರ್ ಆ ಜೀವಿಯ ಚಿಪ್ಪಿನ ನಟ್ಟನಡುವೆ ಕಲ್ಲಾಗಿ ಉಳಿದಿದೆ. ಅದನ್ನು ಓದುವುದು ಹೇಗೆ, ಅದರಿಂದ ನಮಗೇನು ಪ್ರಯೋಜನ ಎಂಬುದು ಈ ಲೇಖನದ ವಿಷಯ. ವಿಜ್ಞಾನ ವಿಭಾಗದವರಿಗೆ ಮಾತ್ರ ಅರ್ಥವಾಗುವ ವಿಷಯ ಇದಲ್ಲ. ಲೆಕ್ಕ ಬರೆಯಲು ಬಂದವರಿಗೆ ಇದು ಇನ್ನೂ ಸುಲಭ.

ನಾಣ್ಯದ ಹೆಸರಿನ ಜೀವಿ

ಈ ಜೀವಿಗಳ ದೊಡ್ಡ ಗುಂಪಿಗೆ ಫೊರಾಮಿನಿಫೆರ ಎಂದು ಹೆಸರು. ಹೆಚ್ಚಿನವು ಸಮುದ್ರವಾಸಿಗಳು. ಒಂದೇ ಜೀವಕೋಶವಾದರೂ ಬಹುಪಾಲು ಬಗೆಗಳು ತಮ್ಮ ಸುತ್ತ ಚಿಪ್ಪು ಕಟ್ಟಿಕೊಳ್ಳುತ್ತವೆ. ಅನೇಕ ಬಗೆಗಳಲ್ಲಿ ಈ ಚಿಪ್ಪು ಸುಣ್ಣದ್ದು, ಅಂದರೆ ಕ್ಯಾಲ್ಸಿಯಂ ಕಾರ್ಬೋನೇಟ್. ಸಾಮಾನ್ಯವಾಗಿ ಇವು ಮರಳಿನ ಕಣದಷ್ಟು ಚಿಕ್ಕವು. ಇವು ಇಂದಿಗೂ ಎಲ್ಲ ಸಮುದ್ರಗಳಲ್ಲೂ ಇವೆ, ನಮ್ಮ ಕರಾವಳಿಯಲ್ಲೂ ಇವೆ.

ಇವುಗಳಲ್ಲಿ ಒಂದು ಕುಲ ನಮ್ಮಂಥ ವಾಣಿಜ್ಯದವರಿಗೆ ಹೇಳಿ ಮಾಡಿಸಿದ ಹಾಗಿದೆ. ಅದರ ಹೆಸರು ನುಮ್ಯುಲೈಟಿಸ್. ಲ್ಯಾಟಿನ್ ಭಾಷೆಯಲ್ಲಿ ನುಮ್ಯುಲಸ್ ಎಂದರೆ ಚಿಕ್ಕ ನಾಣ್ಯ, ನಮ್ಮ ಮನೆಯ ಉರ್ದುವಿನಲ್ಲಿ ಹೇಳುವುದಾದರೆ ಛೋಟಾ ಸಿಕ್ಕಾ. ಚಪ್ಪಟೆಯಾಗಿ, ದುಂಡಗೆ, ನಿಜಕ್ಕೂ ನಾಣ್ಯದ ಹಾಗೆಯೇ ಇರುವುದರಿಂದ ಫ್ರಾನ್ಸಿನ ಲಾಮಾರ್ಕ್ 1801ರಲ್ಲಿ ಈ ಹೆಸರಿಟ್ಟರು. ಕೆಲವು ಮಸೂರ ಬೇಳೆಯಷ್ಟು ಚಿಕ್ಕವು, ಕೆಲವು ಹಲವು ಸೆಂಟಿಮೀಟರ್ ಅಗಲದವು. ಒಂದೇ ಜೀವಕೋಶ ರೂಪಾಯಿ ನಾಣ್ಯಕ್ಕಿಂತ ದೊಡ್ಡ ಚಿಪ್ಪು ಕಟ್ಟುತ್ತಿತ್ತು ಎಂದರೆ ನಂಬುವುದು ಕಷ್ಟ, ಆದರೆ ಅದು ನಿಜ.

ಈಜಿಪ್ಟಿನ ಪಿರಮಿಡ್ಡುಗಳ ಸುಣ್ಣದ ಕಲ್ಲಿನ ತುಂಬ ಈ ನಾಣ್ಯಗಳಿವೆ. ಸುಮಾರು 2000 ವರ್ಷಗಳ ಹಿಂದೆ ಸ್ಟ್ರಾಬೊ ಎಂಬ ಗ್ರೀಕ್ ಭೂಗೋಳಕಾರ ಅಲ್ಲಿಗೆ ಹೋಗಿದ್ದಾಗ ಪಿರಮಿಡ್ಡಿನ ಎದುರು ಬಿದ್ದಿದ್ದ ಕಲ್ಲಿನ ಚೂರುಗಳಲ್ಲಿ ಬೇಳೆಯಾಕಾರದ ಹರಳುಗಳನ್ನು ಕಂಡ. ಕೂಲಿಯವರು ತಿಂದು ಬಿಟ್ಟ ಕಾಳುಗಳು ಕಲ್ಲಾಗಿವೆ ಎಂದು ಜನ ಹೇಳುತ್ತಿದ್ದ ಕಥೆಯನ್ನು ಬರೆದಿಟ್ಟ. ತನ್ನ ಊರಿನ ಬಳಿಯ ಗುಡ್ಡದಲ್ಲೂ ಅಂಥ ಹರಳುಗಳಿವೆ ಎಂದೂ ಬರೆದ. ಕಥೆ ಚೆನ್ನಾಗಿದೆ, ಆದರೆ ಅದಕ್ಕೆ ವೋಚರ್ ಇರಲಿಲ್ಲ. ಅವು ಕಾಳುಗಳಲ್ಲ, ಸಮುದ್ರದ ಏಕಕೋಶ ಜೀವಿಗಳ ಚಿಪ್ಪುಗಳು. ನಮ್ಮ ದೇಶದಲ್ಲಿ ಗುಜರಾತಿನ ಕಛ್, ಮೇಘಾಲಯದ ಸುಣ್ಣದ ಕಲ್ಲುಗಳಲ್ಲಿ ಇವು ಧಾರಾಳವಾಗಿ ಸಿಗುತ್ತವೆ. ಆ ಜಾಗಗಳೆಲ್ಲ ಒಮ್ಮೆ ಆಳವಿಲ್ಲದ ಬೆಚ್ಚನೆಯ ಸಮುದ್ರವಾಗಿದ್ದವು ಎನ್ನಲು ಇವೇ ಸಾಕ್ಷಿ.

ಹಾಳೆ ಹರಿಯದ ಪುಸ್ತಕ

ಏಡಿ ಬೆಳೆಯುವಾಗ ಹಳೆಯ ಚಿಪ್ಪನ್ನು ಕಳಚಿ ಹೊಸದು ಮಾಡಿಕೊಳ್ಳುತ್ತದೆ. ಹಾಗಾಗಿ ಏಡಿಯ ಚಿಪ್ಪು ನೋಡಿ ಅದು ಮರಿಯಾಗಿದ್ದಾಗ ಎಷ್ಟು ದೊಡ್ಡದಿತ್ತು ಎಂದು ಹೇಳಲಾಗದು. ಫೊರಾಮಿನಿಫೆರ ಹಾಗಲ್ಲ. ಹೆಚ್ಚಿನ ಬಗೆಗಳು ಮೊದಲು ಒಂದು ಪುಟ್ಟ ಕೋಣೆ ಕಟ್ಟುತ್ತವೆ. ಬೆಳೆದಂತೆ ಅದರ ಪಕ್ಕದಲ್ಲಿ ಇನ್ನೊಂದು, ಆಮೇಲೆ ಮತ್ತೊಂದು, ಹೀಗೆ ಸುರುಳಿಯಾಗಿ ಕೋಣೆ ಸೇರಿಸುತ್ತಾ ಹೋಗುತ್ತವೆ. ಹಳೆಯ ಕೋಣೆಯನ್ನು ಬಿಸಾಡುವುದಿಲ್ಲ. ಆದ್ದರಿಂದ ಮೊಟ್ಟಮೊದಲ ಕೋಣೆ ಸುರುಳಿಯ ನಡುವೆ ಹಾಗೆಯೇ ಉಳಿಯುತ್ತದೆ.

ಇದು ಒಂದೂ ಹಾಳೆ ಹರಿಯದ, ಒಂದೂ ಅಂಕಿ ಅಳಿಸದ ಲೆಕ್ಕದ ಪುಸ್ತಕ. ಹೊರಗಿನ ಸುತ್ತು ಅಂತಿಮ ಶಿಲ್ಕು. ನಡುವಿನ ಮೊದಲ ಕೋಣೆ ಆರಂಭಿಕ ಶಿಲ್ಕು. ಆ ಕೋಣೆ ಎಷ್ಟು ದೊಡ್ಡದಿದೆಯೋ, ಹುಟ್ಟಿದ ದಿನ ಆ ಜೀವಿಯ ಬಳಿ ಸುಮಾರು ಅಷ್ಟು ಬಂಡವಾಳ ಇತ್ತು ಎಂದು ಅರ್ಥ.

ಕಲ್ಲಾದ ಚಿಪ್ಪಿನ ನಡುಭಾಗವನ್ನು ನೋಡುವುದು ಹೇಗೆ? ಯಂತ್ರದಿಂದ ತೆಳುವಾಗಿ ಕೊಯ್ದು ಉಜ್ಜಿ ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ. ನುಮ್ಯುಲೈಟಿಸ್‌ಗೆ ಇನ್ನೊಂದು ಹಳೆಯ ಉಪಾಯವೂ ಇದೆ. ಚಿಪ್ಪನ್ನು ಬೆಂಕಿಯಲ್ಲಿ ಕಾಯಿಸಿ ತಣ್ಣೀರಿಗೆ ಹಾಕಿದರೆ ಅದು ಹಲವು ಸಲ ನಟ್ಟನಡುವೆ ಎರಡು ಹೋಳಾಗುತ್ತದೆ. ಕಾಳನ್ನು ಒಡೆದು ಬೇಳೆ ಮಾಡಿದ ಹಾಗೆ. ಒಳಗಿನ ಸುರುಳಿ ಪೂರ್ತಿ ಕಾಣುತ್ತದೆ.

ಎರಡು ಬಗೆಯ ಬಂಡವಾಳ

ಹೀಗೆ ಒಡೆದು ನೋಡಿದವರಿಗೆ ಒಂದು ವಿಚಿತ್ರ ಕಂಡಿತು. ಒಂದೇ ಬಂಡೆಯಲ್ಲಿ, ಒಂದೇ ಪದರದಲ್ಲಿ ಎರಡು ಬಗೆಯ ನಾಣ್ಯಗಳು ಜೊತೆಜೊತೆಯಾಗಿ ಸಿಗುತ್ತಿದ್ದವು.

ಮೊದಲನೆಯ ಬಗೆ: ಚಿಪ್ಪು ಚಿಕ್ಕದು, ಆದರೆ ನಡುವಿನ ಮೊದಲ ಕೋಣೆ ದೊಡ್ಡದು. ಅನೇಕ ಬಗೆಗಳಲ್ಲಿ ಸಾಧಾರಣ ಭೂತಗನ್ನಡಿಯಲ್ಲೇ ಕಾಣುವಷ್ಟು ದೊಡ್ಡದು.

ಎರಡನೆಯ ಬಗೆ: ಚಿಪ್ಪು ಬಹಳ ದೊಡ್ಡದು, ಆದರೆ ಮೊದಲ ಕೋಣೆ ತೀರಾ ಪುಟ್ಟದು. ಸೂಕ್ಷ್ಮದರ್ಶಕವಿಲ್ಲದೆ ಕಾಣುವುದಿಲ್ಲ.

ಕಾರಣ ಏನೆಂದು ತಿಳಿಯಲು ಜೀವಂತ ಫೊರಾಮಿನಿಫೆರಗಳನ್ನೇ ನೋಡಬೇಕಾಯಿತು. 1894 ಮತ್ತು 1895ರ ಸುಮಾರಿನಲ್ಲಿ ಇಂಗ್ಲೆಂಡಿನ ಜೆ.ಜೆ. ಲಿಸ್ಟರ್ ಮತ್ತು ಜರ್ಮನಿಯ ಫ್ರಿಟ್ಜ್ ಶೌಡಿನ್ ಬೇರೆ ಬೇರೆಯಾಗಿ ಈ ಕೆಲಸ ಮಾಡಿದರು. ಅವರಿಗೆ ತಿಳಿದದ್ದು ಹೀಗೆ. ಈ ಜೀವಿಗಳಲ್ಲಿ ಎರಡು ಪೀಳಿಗೆಗಳು ಸರದಿಯಂತೆ ಬರುತ್ತವೆ.

ನಿರ್ಲಿಂಗ ರೀತಿ: ಬೆಳೆದ ಒಂದು ಜೀವಿ ತನ್ನ ಕೋಶದ್ರವ್ಯವನ್ನೆಲ್ಲ ಮರಿಗಳಿಗೆ ಹಂಚಿಬಿಡುತ್ತದೆ. ತನಗಾಗಿ ಏನನ್ನೂ ಇಟ್ಟುಕೊಳ್ಳುವುದಿಲ್ಲ, ಖಾಲಿ ಚಿಪ್ಪು ಮಾತ್ರ ತಳದಲ್ಲಿ ಉಳಿಯುತ್ತದೆ. ಮರಿಗಳು ಹತ್ತಾರೋ ನೂರಾರೋ ಇರಬಹುದು. ಆದರೂ ಪ್ರತಿಯೊಂದಕ್ಕೂ ಒಳ್ಳೆಯ ಪಾಲು ಸಿಗುತ್ತದೆ. ಆದ್ದರಿಂದ ಅದರ ಮೊದಲ ಕೋಣೆ ದೊಡ್ಡದು. ಪಿತ್ರಾರ್ಜಿತ ಬಂಡವಾಳದಿಂದ ಅಂಗಡಿ ತೆರೆದವರ ಹಾಗೆ.

ಲೈಂಗಿಕ ರೀತಿ: ಹಾಗೆ ಹುಟ್ಟಿದ ಮರಿಗಳು ಬೆಳೆದ ಮೇಲೆ ಸಾವಿರಾರು ಅತಿ ಸಣ್ಣ ಲಿಂಗಾಣುಗಳನ್ನು ನೀರಿಗೆ ಬಿಡುತ್ತವೆ. ಎರಡು ಲಿಂಗಾಣುಗಳು ಕೂಡಿ ಒಂದು ಯುಗ್ಮಜ ಆಗುತ್ತದೆ. ಎರಡು ಸೇರಿದರೂ ಅದು ಬಹಳ ಸಣ್ಣದೇ. ಆದ್ದರಿಂದ ಅದರ ಮೊದಲ ಕೋಣೆ ಪುಟ್ಟದು. ನಮ್ಮ ಪಾಠದ ಭಾಷೆಯಲ್ಲಿ ಇದು ಇಬ್ಬರು ನಾಲ್ಕಾಣೆ, ನಾಲ್ಕಾಣೆ ಹಾಕಿ ಆರಂಭಿಸಿದ ಪಾಲುದಾರಿಕೆ.

ಹಾಗಾದರೆ ಕಡಿಮೆ ಬಂಡವಾಳದಿಂದ ಶುರು ಮಾಡಿದ್ದೇ ಕೊನೆಗೆ ದೊಡ್ಡ ಚಿಪ್ಪು ಆಗುವುದು ಹೇಗೆ? ನುಮ್ಯುಲೈಟಿಸ್‌ನಂಥ ದೊಡ್ಡ ಬಗೆಗಳಲ್ಲಿ ಲೈಂಗಿಕವಾಗಿ ಹುಟ್ಟಿದವು ಹೆಚ್ಚು ಕಾಲ ಬದುಕಿ, ಹೆಚ್ಚು ಸುತ್ತುಗಳನ್ನು ಕಟ್ಟಿದವು. ಆದರೆ ಅಂಥವು ಸಂಖ್ಯೆಯಲ್ಲಿ ಕಡಿಮೆ. ಬಂಡೆಗಳಲ್ಲಿ ಸಾಮಾನ್ಯವಾಗಿ ಚಿಕ್ಕ ಚಿಪ್ಪಿನವೇ ಬಹಳ ಹೆಚ್ಚಾಗಿ ಸಿಗುತ್ತವೆ. ಏಕೆಂದರೆ ನೀರಿಗೆ ಬಿಟ್ಟ ಲಿಂಗಾಣುಗಳಲ್ಲಿ ಜೋಡಿ ಸಿಗದೆ ಹಾಳಾಗುವುದೇ ಹೆಚ್ಚು. ಪಾಲು ಪಡೆದು ಹುಟ್ಟಿದ ಮರಿಗೆ ಆ ಅಪಾಯ ಇಲ್ಲ.

ಈಗ ಲೇಖನದ ಆರಂಭದ ಪ್ರಶ್ನೆಗೆ ಉತ್ತರ ಸಿಕ್ಕಿತು. ಕಲ್ಲಾದ ನುಮ್ಯುಲೈಟಿಸ್ ಒಂದನ್ನು ಒಡೆದು ಮೊದಲ ಕೋಣೆ ಅಳೆದರೆ, ಆ ಒಂದು ಜೀವಿ ಯಾವ ರೀತಿಯಲ್ಲಿ ಹುಟ್ಟಿತು ಎಂದು ಹೇಳಬಹುದು. ಇಡೀ ಜಾತಿಯ ಬಗ್ಗೆ ಅಲ್ಲ, ಕೈಯಲ್ಲಿರುವ ಆ ಒಂದರ ಬಗ್ಗೆ.

ಒಂದೇ ಸಂಸ್ಥೆ, ಎರಡು ಹೆಸರು

ಇದು ತಿಳಿಯುವ ಮೊದಲು ಒಂದು ಗೊಂದಲ ಆಗಿತ್ತು. ದೊಡ್ಡ ಚಿಪ್ಪಿನದಕ್ಕೆ ಒಂದು ಹೆಸರು, ಚಿಕ್ಕ ಚಿಪ್ಪಿನದಕ್ಕೆ ಇನ್ನೊಂದು ಹೆಸರು ಕೊಟ್ಟು ಎರಡು ಬೇರೆ ಜಾತಿಗಳೆಂದು ಪುಸ್ತಕಗಳಲ್ಲಿ ಬರೆದಿದ್ದರು. ನುಮ್ಯುಲೈಟಿಸ್ ಲೀವಿಗೇಟಸ್ ಮತ್ತು ನುಮ್ಯುಲೈಟಿಸ್ ಲಾಮಾರ್ಕಿ ಅಂಥ ಒಂದು ಜೋಡಿ. ಒಂದೇ ಸಂಸ್ಥೆಯನ್ನು ಎರಡು ಹೆಸರಿನಲ್ಲಿ ನೋಂದಾಯಿಸಿದ ಹಾಗೆ ಆಗಿತ್ತು.

ಈ ಹೆಸರುಗಳು ಯಾವಾಗಲೂ ಜೋಡಿಯಾಗಿಯೇ ಸಿಗುತ್ತವಲ್ಲ ಎಂದು ಸ್ವಿಟ್ಜರ್ಲೆಂಡಿನ ಫಿಲಿಪ್ ದ ಲಾ ಹಾರ್ಪ್ ಗಮನಿಸಿದರು. ಇವು ಒಂದೇ ಜಾತಿಯ ಎರಡು ರೂಪಗಳು ಎಂಬ ವಿಚಾರವನ್ನು 1880ರಲ್ಲಿ ಫ್ರಾನ್ಸಿನ ಮ್ಯೂನಿಯೆ ಶಾಲ್ಮಾ ಮುಂದಿಟ್ಟರು. ಲಿಸ್ಟರ್ ಮತ್ತು ಶೌಡಿನ್ ಜೀವಂತ ಜೀವಿಗಳಲ್ಲಿ ತೋರಿಸಿದ ಮೇಲೆ ಅದಕ್ಕೆ ಸರಿಯಾದ ಕಾರಣವೂ ಸಿಕ್ಕಿತು. ಹೊರಗಿನ ಗಾತ್ರ ನೋಡಿ ಬೇರೆ ಬೇರೆ ಎಂದುಕೊಂಡವರು ಒಳಗಿನ ಲೆಕ್ಕ ನೋಡಿದಾಗ ಒಂದೇ ಮನೆತನ ಎಂದು ತಿಳಿಯಿತು.

ಎಲ್ಲ ಕಲ್ಲೂ ಲೆಕ್ಕ ಇಡುವುದಿಲ್ಲ

ನಮ್ಮ ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ ಸುತ್ತಮುತ್ತ ಹುಡುಕಿದರೆ ಇಂಥ ಪಳೆಯುಳಿಕೆ ಸಿಗುತ್ತದೆಯೇ? ಸಿಗುವುದಿಲ್ಲ. ಆದರೆ ಸಿಗದಿರುವುದಕ್ಕೂ ಒಂದು ಕಾರಣ ಇದೆ, ಅದನ್ನೂ ತಿಳಿಯಬೇಕು.

ಎಚ್.ಡಿ. ಕೋಟೆ ಪಕ್ಕದ ಸರಗೂರಿನ ಹೆಸರು ಭೂವಿಜ್ಞಾನದಲ್ಲಿ ಪ್ರಸಿದ್ಧ. ಸರಗೂರು ಶಿಲಾಸಮೂಹ ಎಂಬ ಹೆಸರಿನಿಂದ ಕರೆಯುವ ಈ ಕಲ್ಲುಗಳ ವಯಸ್ಸು 300 ಕೋಟಿ ವರ್ಷಕ್ಕೂ ಹೆಚ್ಚು. ಇವುಗಳಲ್ಲಿ ಕೆಲವು ಮೊದಲು ನೀರಿನ ತಳದಲ್ಲಿ ಮರಳು, ಮಣ್ಣು, ಸುಣ್ಣವಾಗಿ ಕೂತ ಪದರಗಳು. ಆದರೆ ಆಮೇಲೆ ಅವು ಭೂಮಿಯ ಆಳಕ್ಕೆ ಹೋಗಿ ಅತಿಯಾದ ಶಾಖ ಮತ್ತು ಒತ್ತಡದಲ್ಲಿ ಬೆಂದವು. ಮರಳು ಬೆಣಚುಶಿಲೆಯಾಯಿತು, ಸುಣ್ಣ ಅಮೃತಶಿಲೆಯಾಯಿತು. ಅದರೊಳಗೆ ಯಾವುದಾದರೂ ಜೀವಕೋಶದ ಗುರುತು ಇದ್ದಿದ್ದರೂ ಉಳಿಯುವ ಸಾಧ್ಯತೆ ಇಲ್ಲ. ಬೆಂಕಿ ಬಿದ್ದ ಅಂಗಡಿಯಲ್ಲಿ ಲೆಕ್ಕದ ಪುಸ್ತಕ ಹುಡುಕಿದ ಹಾಗೆ. ಅಲ್ಲದೆ ನುಮ್ಯುಲೈಟಿಸ್ ಆಗಲಿ, ಬೇರೆ ಯಾವುದೇ ಫೊರಾಮಿನಿಫೆರ ಆಗಲಿ ಆ ಕಾಲಕ್ಕೆ ಹುಟ್ಟಿಯೇ ಇರಲಿಲ್ಲ.

ಅಷ್ಟೊಂದು ಬೇಯದ ಹಳೆಯ ಕಲ್ಲುಗಳೂ ಕರ್ನಾಟಕದಲ್ಲಿವೆ. ಶಿವಮೊಗ್ಗ ಜಿಲ್ಲೆಯ ಕುಂಸಿ, ತುಮಕೂರು ಜಿಲ್ಲೆಯ ದೊಡ್ಡಗುಣಿ ಮುಂತಾದ ಕಡೆ 250 ಕೋಟಿ ವರ್ಷಕ್ಕೂ ಹಳೆಯ ಸ್ಟ್ರೊಮ್ಯಾಟೊಲೈಟ್‌ಗಳಿವೆ. ಇವು ಸೂಕ್ಷ್ಮಜೀವಿಗಳ ಪೊರೆಗಳು ಪದರದ ಮೇಲೆ ಪದರ ಬೆಳೆದು ಆದ ಕಲ್ಲುಗಳು. ಇವನ್ನು ನೋಡಿ ಅಲ್ಲಿ ಜೀವಕೋಶಗಳು ವಿಭಜನೆಯಾಗಿ ಹೆಚ್ಚುತ್ತಿದ್ದವು ಎಂದು ಹೇಳಬಹುದು, ಇಲ್ಲದಿದ್ದರೆ ಪದರ ಬೆಳೆಯುತ್ತಿರಲಿಲ್ಲ. ಆದರೆ ಒಂದೊಂದು ಕೋಶದ ಹುಟ್ಟಿನ ಲೆಕ್ಕ ಅಲ್ಲಿಲ್ಲ. ಅದು ಇಡೀ ಊರಿನ ಒಟ್ಟು ವಹಿವಾಟು ಇದ್ದ ಹಾಗೆ, ಒಬ್ಬೊಬ್ಬರ ಖಾತೆ ಅದರಲ್ಲಿ ಕಾಣುವುದಿಲ್ಲ.

ಆಧಾರಕ್ಕಿಂತ ಹೆಚ್ಚು ಹೇಳಿದರೆ ಏನಾಗುತ್ತದೆ ಎಂಬುದಕ್ಕೂ ಒಂದು ಉದಾಹರಣೆ ಇದೆ. ಆಸ್ಟ್ರೇಲಿಯಾದ ಬಿಟರ್ ಸ್ಪ್ರಿಂಗ್ಸ್ ಎಂಬಲ್ಲಿನ ಸುಮಾರು 80 ಕೋಟಿ ವರ್ಷ ಹಳೆಯ ಕಲ್ಲಿನಲ್ಲಿ ಜೀವಕೋಶಗಳು ಬಹಳ ಚೆನ್ನಾಗಿ ಉಳಿದಿವೆ. ಕೆಲವು ಎರಡಾಗಿ ಒಡೆಯುತ್ತಿರುವ ಹಾಗೆ ಕಾಣುತ್ತವೆ. ನಾಲ್ಕು ನಾಲ್ಕು ಕೂಡಿಕೊಂಡ ಕೋಶಗಳನ್ನು ನೋಡಿ, ಇದು ಲೈಂಗಿಕ ಸಂತಾನೋತ್ಪತ್ತಿಗೆ ಸಂಬಂಧಿಸಿದ ವಿಭಜನೆಯ ಗುರುತು ಇರಬಹುದು ಎಂದು 1971ರಲ್ಲಿ ಶಾಪ್ಫ್ ಮತ್ತು ಅವರ ಸಹಲೇಖಕರು ಬರೆದರು. ಕೆಲವು ಕೋಶಗಳೊಳಗಿನ ಕಪ್ಪು ಚುಕ್ಕೆ ಕೋಶಕೇಂದ್ರ ಎಂಬ ಅಭಿಪ್ರಾಯವೂ ಇತ್ತು. 1975ರಲ್ಲಿ ನಾಲ್ ಮತ್ತು ಬಾರ್ಗ್‌ಹೂರ್ನ್ ಎಂಬ ವಿಜ್ಞಾನಿಗಳು ಇದನ್ನು ಪರಿಶೀಲಿಸಿ, ಕೋಶಕೇಂದ್ರವೇ ಇಲ್ಲದ ಸಯನೋಬ್ಯಾಕ್ಟೀರಿಯಾ ಕೊಳೆಯುವಾಗಲೂ ಒಳಗಿನ ದ್ರವ್ಯ ಕುಗ್ಗಿ ಅಂಥದೇ ಚುಕ್ಕೆ ಆಗುತ್ತದೆ ಎಂದು ತೋರಿಸಿದರು. ಲೆಕ್ಕಪರಿಶೋಧಕರು ಒಂದು ವೋಚರನ್ನು ಒಪ್ಪದೆ ವಾಪಸು ಕಳಿಸಿದ ಹಾಗಾಯಿತು.

ಹಾಗಾದರೆ ನುಮ್ಯುಲೈಟಿಸ್‌ನ ಲೆಕ್ಕವನ್ನು ಏಕೆ ಒಪ್ಪುತ್ತೇವೆ? ಮೂರು ಕಾರಣ. ಗುರುತು ಗಟ್ಟಿ ಚಿಪ್ಪಿನಲ್ಲಿದೆ, ಕೊಳೆಯುವ ಭಾಗದಲ್ಲಿಲ್ಲ. ಒಂದೆರಡಲ್ಲ, ಸಾವಿರಾರು ಚಿಪ್ಪುಗಳಲ್ಲಿ ಅದೇ ವ್ಯತ್ಯಾಸ ಮತ್ತೆ ಮತ್ತೆ ಸಿಗುತ್ತದೆ. ಅದರ ಬಂಧುಗಳು ಇಂದಿಗೂ ಬದುಕಿದ್ದು, ಕಣ್ಣೆದುರೇ ಹಾಗೆಯೇ ನಡೆದುಕೊಳ್ಳುತ್ತವೆ.

ಕಾರವಾರದ ಕೆಸರು, ನಮ್ಮ ಮಳೆ

ಇದರಿಂದ ನಮಗೇನು ಎಂದು ಕೇಳುವವರಿಗೆ ಕರ್ನಾಟಕದ್ದೇ ಒಂದು ಉತ್ತರ ಇದೆ.

ಗೋವಾದ ರಾಷ್ಟ್ರೀಯ ಸಾಗರ ವಿಜ್ಞಾನ ಸಂಸ್ಥೆಯ ರಾಜೀವ್ ನಿಗಮ್ ಮತ್ತು ಅವರ ಸಂಗಡಿಗರು 1980ರ ದಶಕದಿಂದ ಕಾರವಾರದ ಕಡಲಿನ ಫೊರಾಮಿನಿಫೆರಗಳನ್ನು ಅಧ್ಯಯನ ಮಾಡಿದರು. ಕಾರವಾರದ ಬಳಿ ಕಾಳಿ ನದಿ ಸಮುದ್ರ ಸೇರುತ್ತದೆ. ಮುಂಗಾರು ಜೋರಾದ ವರ್ಷ ನದಿ ಹೆಚ್ಚು ಸಿಹಿನೀರು ತರುತ್ತದೆ, ಅಲ್ಲಿನ ಸಮುದ್ರದ ಉಪ್ಪು ಕಡಿಮೆಯಾಗುತ್ತದೆ. ಮಳೆ ಕೈಕೊಟ್ಟ ವರ್ಷ ಉಪ್ಪು ಅಷ್ಟು ಇಳಿಯುವುದಿಲ್ಲ. ನೀರಿನ ಉಪ್ಪು ಮತ್ತು ಶಾಖ ಬದಲಾದರೆ ಫೊರಾಮಿನಿಫೆರ ಸಂತಾನ ಪಡೆಯುವ ರೀತಿಯೂ ಬದಲಾಗುತ್ತದೆ, ಅಂದರೆ ಲೈಂಗಿಕವಾಗಿ ಹುಟ್ಟಿದವು ಎಷ್ಟು, ನಿರ್ಲಿಂಗವಾಗಿ ಹುಟ್ಟಿದವು ಎಷ್ಟು ಎಂಬ ಪ್ರಮಾಣ ವ್ಯತ್ಯಾಸವಾಗುತ್ತದೆ. ಪ್ರಮಾಣ ಬದಲಾದರೆ ಮೊದಲ ಕೋಣೆಯ ಸರಾಸರಿ ಗಾತ್ರ ಬದಲಾಗುತ್ತದೆ.

ಸಮುದ್ರದ ತಳಕ್ಕೆ ಕೊಳವೆ ಇಳಿಸಿ ಕೆಸರು ತೆಗೆದರೆ ಮೇಲಿನದು ಹೊಸದು, ಕೆಳಗಿನದು ಹಳೆಯದು. ಒಂದೊಂದು ಪದರದಿಂದ ರೊಟ್ಯಾಲಿಡಿಯಂ ಆನೆಕ್ಟೆನ್ಸ್ ಎಂಬ ಬಗೆಯ ಚಿಪ್ಪುಗಳನ್ನು ಆರಿಸಿ, ಮೊದಲ ಕೋಣೆಗಳನ್ನು ಅಳೆದು, ಸರಾಸರಿ ತೆಗೆದು, ಹಿಂದಿನ ಶತಮಾನಗಳ ಮಳೆಯ ಏರಿಳಿತವನ್ನು ಅವರು ಓದಿದರು. ಸುಮಾರು 77 ವರ್ಷಗಳ ಅಂತರದಲ್ಲಿ ಬರದ ಕಾಲ ಮರುಕಳಿಸುವಂತೆ ಕಾಣುತ್ತದೆ ಎಂಬುದು 1995ರಲ್ಲಿ ಪ್ರಕಟವಾದ ಅವರ ತೀರ್ಮಾನ.

ಇದು ಏಕೆ ಮುಖ್ಯ? ಭಾರತೀಯ ಹವಾಮಾನ ಇಲಾಖೆ ಸ್ಥಾಪನೆಯಾದದ್ದು 1875ರಲ್ಲಿ. ಅದಕ್ಕಿಂತ ಹಿಂದಕ್ಕೆ ಹೋದಷ್ಟೂ ಮಳೆಮಾಪಕದ ಅಂಕಿಗಳು ಅಪರೂಪ. 77 ವರ್ಷದ ಸುತ್ತು ನಿಜವೇ ಎಂದು ನೋಡಲು 150 ವರ್ಷದ ಲೆಕ್ಕ ಸಾಲದು, ಎರಡೇ ಸುತ್ತು ಆಗುತ್ತದೆ. ಹೆಚ್ಚು ಹಳೆಯ ಪುಸ್ತಕ ಬೇಕು. ಆ ಪುಸ್ತಕ ಈ ಚಿಪ್ಪುಗಳಲ್ಲಿದೆ.

ಕಾಳಿ ನದಿ ನಮ್ಮ ನದಿಯಲ್ಲ. ಆದರೆ ಪಶ್ಚಿಮ ಘಟ್ಟದ ಮೇಲೆ ಸುರಿದು ಕಾಳಿಯನ್ನು ತುಂಬಿಸುವ ಅದೇ ನೈಋತ್ಯ ಮುಂಗಾರು ಕಬಿನಿಯನ್ನೂ ಲಕ್ಷ್ಮಣತೀರ್ಥವನ್ನೂ ಕಾವೇರಿಯನ್ನೂ ತುಂಬಿಸುತ್ತದೆ. 2023ರಲ್ಲಿ ಮುಂಗಾರು ಕೈಕೊಟ್ಟಾಗ ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತ ಎಂದು ಘೋಷಣೆಯಾಯಿತು. ಅಂಥ ವರ್ಷ ಹುಣಸೂರು, ಪಿರಿಯಾಪಟ್ಟಣದ ಹೊಗೆಸೊಪ್ಪಿನ ದುಡ್ಡು ಕಡಿಮೆಯಾಗುತ್ತದೆ, ಕೆ.ಆರ್. ನಗರದ ಭತ್ತದ ಗದ್ದೆಗೆ ನಾಲೆಯ ನೀರು ಯಾವಾಗ ಬರುತ್ತದೋ ಎಂದು ಕಾಯಬೇಕಾಗುತ್ತದೆ, ಊರಿನ ಅಂಗಡಿಗಳ ಉದ್ರಿ ಪುಸ್ತಕ ದಪ್ಪವಾಗುತ್ತದೆ, ಕಾಲೇಜಿನ ಫೀ ಕಟ್ಟಲು ಎಷ್ಟೋ ಮನೆಗಳಲ್ಲಿ ತಡವಾಗುತ್ತದೆ. ಮುಂದಿನ ಬರ ಯಾವ ವರ್ಷ ಎಂದು ಈ ಚಿಪ್ಪುಗಳು ಹೇಳುವುದಿಲ್ಲ, ಹೇಳುತ್ತವೆ ಎಂದು ನಂಬಬಾರದು. ಒಂದು ಕೆಸರಿನ ಲೆಕ್ಕವನ್ನು ಬೇರೆ ಲೆಕ್ಕಗಳ ಜೊತೆ ತಾಳೆ ನೋಡಬೇಕು. ಕೇರಳದ ತೇಗದ ಮರಗಳ ಉಂಗುರಗಳೂ ಅಂಥ ಒಂದು ಲೆಕ್ಕ. ನಗದು ಪುಸ್ತಕವನ್ನು ಪಾಸ್‌ಬುಕ್ ಜೊತೆ ತಾಳೆ ನೋಡುವ ಹಾಗೆಯೇ ಇದು. ಆದರೆ ಬರ ಎಂಬುದು ಈ ನಾಡಿಗೆ ಮತ್ತೆ ಮತ್ತೆ ಬಂದಿದೆ, ಒಳ್ಳೆಯ ವರ್ಷದಲ್ಲಿ ಮೀಸಲು ನಿಧಿ ಇಡಬೇಕು ಎಂಬಷ್ಟನ್ನು ಈ ಲೆಕ್ಕಗಳು ಖಂಡಿತ ಹೇಳುತ್ತವೆ.

ನೆನಪಿಡಬೇಕಾದ ಅಂಶಗಳು

1. ಫೊರಾಮಿನಿಫೆರ ಏಕಕೋಶ ಜೀವಿ. ಕೋಣೆಗೆ ಕೋಣೆ ಸೇರಿಸಿ ಚಿಪ್ಪು ಕಟ್ಟುತ್ತದೆ, ಮೊದಲ ಕೋಣೆ ಚಿಪ್ಪಿನೊಳಗೇ ಉಳಿಯುತ್ತದೆ.
2. ಮೊದಲ ಕೋಣೆ ದೊಡ್ಡದಾದರೆ ನಿರ್ಲಿಂಗ ರೀತಿಯ ಹುಟ್ಟು, ತೀರಾ ಪುಟ್ಟದಾದರೆ ಲೈಂಗಿಕ ರೀತಿಯ ಹುಟ್ಟು.
3. ಒಂದೇ ಜಾತಿಯ ಎರಡು ರೂಪಗಳಿಗೆ ಹಿಂದೆ ಎರಡು ಹೆಸರುಗಳಿದ್ದವು.
4. ಸರಗೂರಿನ ಕಲ್ಲುಗಳು ಬಹಳ ಹಳೆಯವು, ಬೆಂದು ಬದಲಾದವು. ಅವುಗಳಲ್ಲಿ ಈ ಸಾಕ್ಷ್ಯ ಸಿಗದು.
5. ಕಾರವಾರದ ಕೆಸರಿನ ಚಿಪ್ಪುಗಳ ಮೊದಲ ಕೋಣೆಯ ಸರಾಸರಿ ಗಾತ್ರದಿಂದ ಹಳೆಯ ಮಳೆಯ ಲೆಕ್ಕ ಓದಿದ್ದಾರೆ.

ಮಾಡಿ ನೋಡಿ

ರಜೆಯಲ್ಲಿ ಮಂಗಳೂರು, ಉಡುಪಿ ಅಥವಾ ಕಾರವಾರಕ್ಕೆ ಹೋಗುವವರು ಅಲೆ ಬಂದು ಹೋಗುವ ಗೆರೆಯಿಂದ ಎರಡು ಚಮಚ ನುಣ್ಣನೆಯ ಮರಳು ತನ್ನಿ. ತೊಳೆದು, ಒಣಗಿಸಿ, ಕಪ್ಪು ಕಾಗದದ ಮೇಲೆ ಹರಡಿ, ವಿಜ್ಞಾನ ವಿಭಾಗದ ಸೂಕ್ಷ್ಮದರ್ಶಕದಲ್ಲಿ ಹುಡುಕಿ. ಸುರುಳಿಯಾದ ಬಿಳಿ ಕಣ ಸಿಕ್ಕರೆ ಅದು ಫೊರಾಮಿನಿಫೆರ ಇರಬಹುದು, ಪುಟ್ಟ ಬಸವನಹುಳುವಿನ ಚಿಪ್ಪೂ ಇರಬಹುದು. ಒಳಗೆ ಅಡ್ಡಗೋಡೆಗಳಿಂದ ಭಾಗವಾದ ಕೋಣೆಗಳಿದ್ದರೆ ಫೊರಾಮಿನಿಫೆರ, ಒಂದೇ ಉದ್ದನೆಯ ಕೊಳವೆಯಂತಿದ್ದರೆ ಬಸವನಹುಳು. ಯಾವುದು ಎಂದು ಬರೆಯುವ ಮೊದಲು ಕೋಣೆಗಳನ್ನು ಎಣಿಸಿ. ಆಧಾರ ಸಿಕ್ಕ ಮೇಲೆಯೇ ನಮೂದು.